ಗೋಪಿನಾಥಂ: ಮೈಲೇಜ್ ಆಯ್ತು, ತಲೆ ಉಳಿಯೋದು?

ಗೋಪಿನಾಥಂನಿಂದ ಕೊಳ್ಳೇಗಾಲಕ್ಕೆ ಹೊರಟವರು ಪಾಲಾರ್ ಕಡೆಯಿಂದ ಮಾದಪ್ಪನ ಬೆಟ್ಟ ಹತ್ತಬೇಕು, ತಾಳಬೆಟ್ಟಕ್ಕೆ ಇಳಿಯಬೇಕು. ತಿರುವಿನ ಮೇಲೆ ತಿರುವು. ಇಂಥ ದಾರಿಗೆ ಸೆಕೆಂಡ್ ಹ್ಯಾಂಡ್ ಸಣ್ಣ ಕಾರು ಕೊಳ್ಳುವಾಗಲೂ ಮೊದಲ ಪ್ರಶ್ನೆ ಒಂದೇ: "ಲೀಟ್ರಿಗೆ ಎಷ್ಟು ಕೊಡ್ತದೆ ಅಣ್ಣ?" ಗುದ್ದಿದರೆ ಏನಾಗ್ತದೆ ಅಂತ ಕೇಳೋರು ಕಮ್ಮಿ.

ಕೇಳಲೇಬೇಕು. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಆಲ್ಟೊ 800, ನ್ಯಾನೊ, ಐ10, ಫಿಗೊ, ಪೋಲೊ ಕಾರುಗಳನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ಗುದ್ದಿಸಿ ನೋಡಿತು. ಏರ್‌ಬ್ಯಾಗ್ ಇಲ್ಲದ ಆ ಐದಕ್ಕೂ ದೊಡ್ಡವರ ರಕ್ಷಣೆಯಲ್ಲಿ ಸಿಕ್ಕಿದ್ದು ಸೊನ್ನೆ ಸ್ಟಾರ್! ಪೋಲೊಗೆ ಎರಡು ಏರ್‌ಬ್ಯಾಗ್ ಹಾಕಿ ಮತ್ತೆ ಗುದ್ದಿಸಿದಾಗ ಐದಕ್ಕೆ ನಾಲ್ಕು ಬಂತು. ಅದರ ಬಾಡಿ ಗಟ್ಟಿಯಿತ್ತು. ಆಲ್ಟೊ, ನ್ಯಾನೊ, ಐ10ಗಳ ಬಾಡಿಯೇ ದುರ್ಬಲ. ಬರೀ ಏರ್‌ಬ್ಯಾಗ್ ಹಾಕಿ ಪ್ರಯೋಜನವಿಲ್ಲ ಎಂದಿತು ಸಂಸ್ಥೆ.

ಆಮೇಲೆ ಕಾಯ್ದೆ ಬಿಗಿಯಾಯಿತು. ಹೊಸ ಕಾರುಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್ ಬ್ರೇಕ್, ಜುಲೈನಿಂದ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ. 2023ರ ಅಕ್ಟೋಬರ್‌ನಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಪರೀಕ್ಷೆಯೂ ಇದೆ. ಆದ್ದರಿಂದ ಆರ್.ಸಿ.ಯಲ್ಲಿ ಕಾರು ತಯಾರಾದ ತಿಂಗಳು, ವರ್ಷ ನೋಡಿ. ಬ್ರೋಕರ್ ಹೇಳುವ ಸ್ಟಾರ್ ಯಾವ ವರ್ಷದ ಮಾಡೆಲ್‌ನದು ಅಂತ ಕೇಳಿ. ಹೆಸರೊಂದೇ ಇದ್ದರೂ ಕಾರು ಬೇರೆ ಇರ್ತದೆ. ಹಿಂದೆ ಆರು ಮಂದಿ ತುಂಬಿಕೊಂಡು, ಬೆಲ್ಟ್ ಬಿಚ್ಚಿ ಘಾಟಿ ಇಳಿದರೆ ಯಾವ ಸ್ಟಾರೂ ಲೆಕ್ಕಕ್ಕೆ ಬರಲ್ಲ. ಪರೀಕ್ಷೆಯ ಬೊಂಬೆಗಳು ಬೆಲ್ಟ್ ಹಾಕಿಕೊಂಡೇ ಕೂತಿರ್ತವೆ.