ಒಣದ್ರಾಕ್ಷಿ ಬೆರೆಸಿ ಮಾಡುವ ದ್ವೀಪದ ವೈನ್

ಜತ್, ಸೊಲ್ಲಾಪುರ ಕಡೆಯ ನಮಗೆ ಒಣದ್ರಾಕ್ಷಿ ಹೊಸದಲ್ಲ. ಮನೆಯಲ್ಲಿ ಒಣದ್ರಾಕ್ಷಿ ಎಂದವರೇ ಮಾರುಕಟ್ಟೆಗೆ ಹೋದರೆ ‘ಬೇದಾಣೆ’ ಎನ್ನುತ್ತೇವೆ. ಇಟಲಿಯ ಪಾಂಟೆಲ್ಲೆರಿಯಾ ದ್ವೀಪದಲ್ಲಿಯೂ ದ್ರಾಕ್ಷಿಗೆ ನೆರೆಭಾಷೆಯ ಹೆಸರೇ ಉಳಿದಿದೆ. ಅಲ್ಲಿಯ ಬಿಳಿ ದ್ರಾಕ್ಷಿಗೆ ಜಿಬಿಬ್ಬೊ ಎನ್ನುತ್ತಾರೆ. ಅರಬ್ಬಿಯಲ್ಲಿ ‘ಜಬೀಬ್’ ಎಂದರೆ ಒಣದ್ರಾಕ್ಷಿ.

ದ್ವೀಪ ಇಟಲಿಯದಾದರೂ ಸಿಸಿಲಿಗಿಂತ ಆಫ್ರಿಕಾದ ಟುನೀಶಿಯಾವೇ ಅದಕ್ಕೆ ಹತ್ತಿರ. ಹಿಂದೆ ಅರಬರು ಆಳಿದ ನೆಲವಿದು. ಖಮ್ಮ, ಗದೀರ್ ಮುಂತಾದ ಊರ ಹೆಸರುಗಳಲ್ಲಿ ಆ ಭಾಷೆ ಇನ್ನೂ ಇದೆ. ಗಡಿಯವರಾದ ನಮಗೆ ಇದು ಬೇಗ ಅರ್ಥವಾಗುತ್ತದೆ.

ಅಲ್ಲಿ ಮಳೆ ಕಡಿಮೆ, ಗಾಳಿ ವಿಪರೀತ. ನಮ್ಮಲ್ಲಿಯ ಹಾಗೆ ಬಳ್ಳಿಯನ್ನು ಚಪ್ಪರಕ್ಕೆ ಹಬ್ಬಿಸಿದರೆ ಗಾಳಿ ಕಿತ್ತೊಗೆಯುತ್ತದೆ. ಆದ್ದರಿಂದ ನೆಲದಲ್ಲಿ ಸುಮಾರು 20 ಸೆಂ.ಮೀ. ಆಳದ ಗುಣಿ ತೋಡಿ ಅದರೊಳಗೆ ಬಳ್ಳಿ ನೆಡುತ್ತಾರೆ. ಕಾಂಡವನ್ನು ಗಿಡ್ಡವಾಗಿಯೇ ಇಟ್ಟು, ಕೊಂಬೆಗಳು ಸುತ್ತಲೂ ಹರಡುವಂತೆ ಕತ್ತರಿಸುತ್ತಾರೆ. ಗುಣಿಯಲ್ಲಿ ತೇವ ನಿಲ್ಲುತ್ತದೆ, ಗಾಳಿಯ ಹೊಡೆತವೂ ತಪ್ಪುತ್ತದೆ. 2014ರಲ್ಲಿ ಯುನೆಸ್ಕೊ ಈ ಬೇಸಾಯ ಪದ್ಧತಿಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಗೌರವವೇನೋ ದೊಡ್ಡದೇ. ಆದರೆ ಇಳಿಜಾರಿನ ಕಲ್ಲುಗಟ್ಟೆಯ ಹೊಲಗಳಿಗೆ ಯಂತ್ರ ಹೋಗದು, ಬಗ್ಗಿ ಕೈಯಿಂದಲೇ ದುಡಿಯಬೇಕು. ಮಾಡುವ ಕೈಗಳಿಲ್ಲದೆ ಹೊಲ ಬೀಳುಬಿದ್ದರೆ ಕಲ್ಲುಗೋಡೆ ಕುಸಿದು ಮಣ್ಣು ಕೊಚ್ಚಿಹೋಗುತ್ತದೆ. ಬಾಟಲಿ ದುಬಾರಿ ಎನ್ನುವವರು ಇದನ್ನು ನೆನಪಿಡಬೇಕು.

ಈ ದ್ರಾಕ್ಷಿಯಿಂದಾಗುವ ಪ್ರಸಿದ್ಧ ಸಿಹಿ ವೈನ್ ‘ಪಾಸ್ಸಿತೊ’. ಆಗಸ್ಟ್‌ನಲ್ಲಿ ಮೊದಲು ಕೊಯ್ದ ಹಣ್ಣನ್ನು ಮೂರ್ನಾಲ್ಕು ವಾರ ಬಿಸಿಲು-ಗಾಳಿಯಲ್ಲಿ ಒಣಗಿಸುತ್ತಾರೆ. ಸೆಪ್ಟೆಂಬರ್‌ನಲ್ಲಿ ಕೊಯ್ದದ್ದನ್ನು ಹಿಂಡಿ, ರಸ ಹುಳಿಯುತ್ತಿರುವಾಗ ಒಣಗಿದ ಹಣ್ಣನ್ನು ತೊಟ್ಟು ಬಿಡಿಸಿ ಅದಕ್ಕೆ ಬೆರೆಸುತ್ತಾರೆ. ಬಂಗಾರದ ಬಣ್ಣ, ಏಪ್ರಿಕಾಟ್, ಅಂಜೂರ, ಜೇನಿನ ಪರಿಮಳ. ಸಕ್ಕರೆ ಹಾಕಿ ಬರಿಸಿದ ಸಿಹಿಯಲ್ಲ, ಹಣ್ಣು ಒಣಗಿ ಗಟ್ಟಿಯಾದ ಸಿಹಿ. ಬಾಟಲಿಯ ಮೇಲೆ ‘ಲಿಕೊರೋಸೊ’ ಎಂದಿದ್ದರೆ ಮಾತ್ರ ಮದ್ಯಸಾರ ಮೇಲಿಂದ ಸೇರಿಸಿದ್ದೆಂದು ತಿಳಿಯಿರಿ. ಕೊಳ್ಳುವ ಮುನ್ನ ಆ ಪದವನ್ನೊಮ್ಮೆ ನೋಡುವುದು ಒಳ್ಳೆಯದು.

ಯಾವುದರೊಂದಿಗೆ ಸೇವಿಸಬೇಕು? ಸಿಹಿ ತಿಂಡಿಯೊಂದಿಗೆ ಕುಡಿಯುವಾಗ ವೈನ್ ತಿಂಡಿಗಿಂತ ಸಿಹಿಯಾಗಿರಬೇಕು, ಇಲ್ಲವಾದರೆ ವೈನ್ ಹುಳಿಯೆನಿಸುತ್ತದೆ. ಅಲ್ಲಿಯವರು ಹೂವಿನಾಕಾರದಲ್ಲಿ ಕರಿದ ಎರಡು ಹಾಳೆಗಳ ನಡುವೆ ರಿಕೊಟ್ಟಾ ತುಂಬಿದ ‘ಬಾಚೊ’ ಮಾಡುತ್ತಾರೆ. ರಿಕೊಟ್ಟಾ ಎಂದರೆ ಹಾಲೊಡೆದ ನೀರನ್ನು ಮತ್ತೆ ಕಾಯಿಸಿ ತೆಗೆವ ಮೆತ್ತನೆಯ ಗಿಣ್ಣು. ಬಾದಾಮಿಯ ಒಣ ಬಿಸ್ಕತ್ತೂ ಚೆನ್ನು. ಆದರೆ ನನ್ನ ಮೆಚ್ಚುಗೆ ಉಪ್ಪುಪ್ಪಾದ, ಘಾಟು ಚೀಸ್‌ಗೆ. ಸಿಹಿ ಅದರ ಖಾರವನ್ನು ಮೃದುಮಾಡುತ್ತದೆ. ಸಣ್ಣ ಗ್ಲಾಸಿನಲ್ಲಿ, ತಣ್ಣಗೆ, ಸ್ವಲ್ಪವೇ ಸಾಕು.

ಊಟದ ಜೊತೆಗಾದರೆ ಅದೇ ಜಿಬಿಬ್ಬೊದ ಸಿಹಿಯಿಲ್ಲದ ಬಿಳಿ ವೈನ್ ಬೇಕು. ಮೀನಿನ ಸಾರಿನೊಂದಿಗೆ ಬಡಿಸುವ ಗೋಧಿರವೆಯ ಕುಸ್ಕುಸ್‌ಗೂ, ಬೇಯಿಸಿದ ಆಲೂಗಡ್ಡೆ, ಟೊಮ್ಯಾಟೊ, ಈರುಳ್ಳಿ, ಆಲಿವ್ ಕಲಸಿದ ದ್ವೀಪದ ಸಲಾಡಿಗೂ ಅದು ಹೊಂದುತ್ತದೆ. ಆ ಸಲಾಡಿಗೆ ಕೇಪರ್ ಬೀಳಲೇಬೇಕು. ಇದು ಗಿಡದ ಅರಳದ ಮೊಗ್ಗು. ದ್ವೀಪದಲ್ಲೇ ಬೆಳೆದು ಉಪ್ಪಿನಲ್ಲಿ ಹಾಕಿಟ್ಟದ್ದನ್ನು ಬಳಸುವ ಮುನ್ನ ಒಂದೆರಡು ಸಲ ನೀರಿನಲ್ಲಿ ತೊಳೆಯಬೇಕು.