ಗೀಸರ್ ಖರೀದಿ: ಕರೆಂಟಾ, ಗ್ಯಾಸಾ, ಸೋಲಾರಾ? ಥಾಣೆ-ಡೊಂಬಿವಲಿ ಫ್ಲ್ಯಾಟ್‌ಗಳಿಗೆ ಯಾವುದು ಸೂಕ್ತ?

ಹಿಮ ಬೀಳುವ ದೇಶಗಳಲ್ಲಿ ಮನೆಯ ನೆಲವನ್ನೇ ಬಿಸಿ ಮಾಡುತ್ತಾರೆ. ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬೈಯಲ್ಲಿ ಆ ಗೊಡವೆ ಇಲ್ಲ. ಇಲ್ಲಿ ಬೇಕಿರುವುದು ಬೆಳಗಿನ ಲೋಕಲ್ ಹಿಡಿಯುವ ಮುನ್ನ ಒಂದು ಬಕೆಟ್ ಬಿಸಿನೀರು. ಊರಿನ ಬಚ್ಚಲ ಹಂಡೆಯ ಕೆಲಸವನ್ನು ಫ್ಲ್ಯಾಟ್‌ನಲ್ಲಿ ಯಾವುದಕ್ಕೆ ಒಪ್ಪಿಸುವುದು ಎಂಬುದೇ ಪ್ರಶ್ನೆ.

ಮೊದಲು ಕರೆಂಟಿನ ಲೆಕ್ಕ ನೋಡೋಣ. 15 ಲೀಟರ್ ನೀರನ್ನು 22 ಡಿಗ್ರಿಯಿಂದ 42 ಡಿಗ್ರಿಗೆ ಏರಿಸಲು ಸುಮಾರು 0.35 ಯೂನಿಟ್ ವಿದ್ಯುತ್ ಬೇಕು. ದಿನಕ್ಕೆ 4 ಬಕೆಟ್ ಎಂದರೆ ತಿಂಗಳಿಗೆ 42 ಯೂನಿಟ್. ಇಷ್ಟೇ ತಾನೇ ಎನ್ನಬೇಡಿ. ಮಹಾವಿತರಣದ ಗೃಹಬಳಕೆ ದರ 100, 300, 500 ಯೂನಿಟ್‌ಗಳ ಹಂತ ದಾಟಿದಂತೆ ಏರುತ್ತದೆ. 90 ಯೂನಿಟ್ ಬಳಸುತ್ತಿದ್ದ ಮನೆಗೆ ಈ 42ರಲ್ಲಿ 32 ಯೂನಿಟ್ ದುಬಾರಿ ದರದಲ್ಲೇ ಬೀಳುತ್ತದೆ.

3 ಲೀಟರಿನ ಇನ್‌ಸ್ಟಂಟ್ ಗೀಸರ್ ಸಾಮಾನ್ಯವಾಗಿ 3 ಕಿಲೋವ್ಯಾಟ್‌ನದು. ಅದರಿಂದ ಒಂದು ಬಕೆಟ್ ತುಂಬಲು 7 ನಿಮಿಷ ಬೇಕು. ಒಬ್ಬರ ನಂತರ ಒಬ್ಬರು ಸ್ನಾನ ಮಾಡುವ ಮನೆಗೆ ಇದು ಸಾಕು. ಆದರೆ 13 ಆಂಪಿಯರ್ ಕರೆಂಟ್ ಎಳೆಯುವುದರಿಂದ ಹಳೆಯ ಕಟ್ಟಡಗಳಲ್ಲಿ ವೈರಿಂಗ್ ಮತ್ತು ಅರ್ಥಿಂಗ್ ಪರೀಕ್ಷಿಸಿಯೇ ಹಾಕಿಸಬೇಕು. ಷವರ್ ಬೇಕೆನ್ನುವವರಿಗೆ 15 ಲೀಟರಿನ ಸ್ಟೋರೇಜ್ ಗೀಸರ್ ಮೇಲು. ಘೋಡ್‌ಬಂದರ್ ರಸ್ತೆಯಂಥ ಕಡೆ ಟ್ಯಾಂಕರ್ ನೀರು ನೆಚ್ಚಿಕೊಂಡವರು ಒಂದು ಮಾತು ಗಮನಿಸಬೇಕು: ನೀರು ಗಡುಸಾಗಿದ್ದರೆ ಕಾಯಿಲ್ ಮೇಲೆ ಸುಣ್ಣದ ಪದರ ಕಟ್ಟಿ ನೀರು ಕಾಯುವುದು ನಿಧಾನವಾಗುತ್ತದೆ.

ಮಹಾನಗರ್ ಗ್ಯಾಸ್‌ನ ಪೈಪ್ ಸಂಪರ್ಕ ಇರುವ ಮನೆಗಳಿಗೆ ಗ್ಯಾಸ್ ಗೀಸರ್ ಆಕರ್ಷಕವಾಗಿ ಕಾಣುತ್ತದೆ. ನಿಲ್ಲದೆ ಬಿಸಿನೀರು ಬರುತ್ತದೆ, ಕರೆಂಟ್ ಬಿಲ್ಲಿನ ಹಂತದ ಚಿಂತೆ ಇಲ್ಲ. ಆದರೆ ಅಪಾಯ ಇರುವುದೂ ಇಲ್ಲೇ. ಮುಚ್ಚಿದ ಬಾತ್‌ರೂಮಿನಲ್ಲಿ ಗ್ಯಾಸ್ ಉರಿದಾಗ ಆಮ್ಲಜನಕ ಕಡಿಮೆಯಾಗಿ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಒಳಗಿದ್ದವರಿಗೆ ತಲೆಸುತ್ತಿ ಪ್ರಜ್ಞೆ ತಪ್ಪುತ್ತದೆ, ಬಾಗಿಲು ತೆರೆಯುವ ಶಕ್ತಿಯೂ ಉಳಿಯುವುದಿಲ್ಲ. ಹೀಗೆ ಸತ್ತವರ ಸುದ್ದಿ ಪ್ರತಿ ಚಳಿಗಾಲವೂ ದೇಶದ ಒಂದಲ್ಲ ಒಂದು ಮೂಲೆಯಿಂದ ಬರುತ್ತದೆ. ಎಕ್ಸಾಸ್ಟ್ ಫ್ಯಾನ್ ಇದೆ ಎಂಬ ಧೈರ್ಯ ಸಾಲದು. ಗೀಸರನ್ನು ಡ್ರೈ ಬಾಲ್ಕನಿಯಂಥ ತೆರೆದ ಜಾಗದಲ್ಲಿಟ್ಟು, ಬಿಸಿನೀರಿನ ಪೈಪನ್ನಷ್ಟೇ ಒಳಗೆ ಎಳೆಯಬೇಕು. ಅಂಥ ಜಾಗ ಇಲ್ಲದಿದ್ದರೆ ಗ್ಯಾಸ್ ಗೀಸರ್ ಆಸೆ ಬಿಡುವುದೇ ಲೇಸು. ಅಂದಹಾಗೆ, ಸಿಲಿಂಡರ್‌ಗೆಂದು ಕೊಂಡ ಗೀಸರನ್ನು ಪೈಪ್ ಗ್ಯಾಸ್‌ಗೆ ಹಾಗೆಯೇ ಜೋಡಿಸುವಂತಿಲ್ಲ, ಎರಡರ ಜೆಟ್ ಬೇರೆ.

ಸೋಲಾರ್ ಒಬ್ಬರ ತೀರ್ಮಾನವಲ್ಲ. ಟೆರೇಸ್ ಸೊಸೈಟಿಯದು. ದಿನಕ್ಕೆ 100 ಲೀಟರ್ ನೀರು ಕಾಯಿಸಲು ಸುಮಾರು 2 ಚದರ ಮೀಟರ್ ಫಲಕ ಬೇಕು. ಎತ್ತರದ ಕಟ್ಟಡದಲ್ಲಿ ಎಲ್ಲ ಮನೆಗೂ ಅಷ್ಟು ಜಾಗ ಸಿಗುವುದಿಲ್ಲ. ಕೆಳಗಿನ ಮಹಡಿಯವರು ಪೈಪಿನಲ್ಲಿ ನಿಂತ ತಣ್ಣೀರನ್ನು ಮೊದಲು ಹರಿಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮೋಡದಲ್ಲಂತೂ ಕರೆಂಟಿನ ನೆರವು ಬೇಕೇ ಬೇಕು. ಹೊಸ ಫ್ಲ್ಯಾಟ್ ಕೊಳ್ಳುವವರು, ಸೋಲಾರ್ ಲೈನ್ ಯಾವ ಬಾತ್‌ರೂಮಿಗೆ ಬರುತ್ತದೆ, ಎಷ್ಟು ಹೊತ್ತು ಬರುತ್ತದೆ ಎಂದು ಬಿಲ್ಡರ್ ಬಳಿ ಮೊದಲೇ ಬರಹದಲ್ಲಿ ಪಡೆಯಿರಿ. ಅನೇಕ ಕಡೆ ಅದು ಒಂದೇ ಬಾತ್‌ರೂಮಿಗೆ ಸೀಮಿತ.