ದಕ್ಷಿಣ ಅಮೆರಿಕದ ಪುಟ್ಟ ಮೀಸೆಮೀನುಗಳು

ಬ್ರೆಜಿಲ್ ಎಂದೊಡನೆ ಬೆಳೆಗಾರ ಬಾಂಧವರಿಗೆ ನೆನಪಾಗುವುದು ಕಾಫಿ. ಅಲ್ಲಿ 1975ರಲ್ಲಿ ಬಿದ್ದ ಹಿಮ ಲೋಕದ ಕಾಫಿ ಮಾರುಕಟ್ಟೆಯನ್ನೇ ಅಲುಗಿಸಿತು. ಆ ನಾಡಿನಲ್ಲೂ ನೆರೆಯ ಪೆರು, ಕೊಲಂಬಿಯಗಳಲ್ಲೂ ಹರಿಯುವ ಹಳ್ಳತೊರೆಗಳು ಇನ್ನೊಂದು ಸಂಪತ್ತಿಗೆ ಹೆಸರಾಗಿವೆ. ಅದೇ ಕ್ಯಾಟ್‌ಫಿಶ್ ಎಂದು ಕರೆಯಲ್ಪಡುವ ಮೀಸೆಮೀನುಗಳ ಸಂಪತ್ತು.

ಇವು ನಮ್ಮ ಗದ್ದೆ ಹಳ್ಳಗಳ ಚೇಳುಮೀನು, ಮುಗುಡುಗಳ ದೂರದ ಬಂಧುಗಳು. ಲೋಕದಲ್ಲಿರುವ ಸುಮಾರು 4,000 ಜಾತಿಯ ಮೀಸೆಮೀನುಗಳಲ್ಲಿ ಅರ್ಧದಷ್ಟು ಆ ಖಂಡದವೇ ಆಗಿವೆ. ಅವುಗಳಲ್ಲಿ ಬೆರಳುದ್ದವನ್ನು ಮೀರದವು ಬಹಳ. ಒಂದೇ ನಾಡಿನಲ್ಲಿ ಇಷ್ಟೊಂದು ಜಾತಿಗಳು ಹೇಗೆ ಬಾಳುತ್ತವೆ? ಒಂದೊಂದೂ ನೀರಿನ ಒಂದೊಂದು ಮೂಲೆಯನ್ನು ತನ್ನದಾಗಿಸಿಕೊಂಡಿರುವುದೇ ಇದಕ್ಕೆ ಮುಖ್ಯ ಕಾರಣ.

ತರಗೆಲೆ ಮತ್ತು ಮರಳು

ಅಮೆಜಾನ್ ಕಾಡಿನ ಸಣ್ಣ ತೊರೆಗಳಿಗೆ ಅಲ್ಲಿ ಇಗರಪೆ ಎಂದು ಹೆಸರು. ಹಲವು ತೊರೆಗಳ ನೀರು ಕೊಳೆತ ಎಲೆಗಳ ಸಾರದಿಂದ ತೆಳು ಡಿಕಾಕ್ಷನ್ ಬಣ್ಣಕ್ಕೆ ತಿರುಗಿರುತ್ತದೆ. ತಳದಲ್ಲಿ ತರಗೆಲೆಯ ದಪ್ಪ ಹಾಸು. ಅದರೊಳಗೆ ಬ್ಯಾಂಜೊ ಮೀನು ಒಣಗಿದ ಎಲೆಯಂತೆ ಅಲುಗದೆ ಬಿದ್ದಿರುತ್ತದೆ. ಫಾರ್ಲೊವೆಲ್ಲ ಎಂಬುದು ನೀರಿಗೆ ಬಿದ್ದ ಕಡ್ಡಿಯಂತೆಯೇ ಇರುವುದು.

ಮರಳು ತಳವಿರುವ ಕಡೆ ಕೊರಿಡೊರಾಸ್ ಗುಂಪಿನವು ಹಿಂಡು ಹಿಂಡಾಗಿ ಹುಳು ಹುಪ್ಪಟೆ ಹುಡುಕುತ್ತವೆ. ಇವಕ್ಕೆ ಮೈಯ ಎರಡೂ ಬದಿಗೆ ಎರಡೆರಡು ಸಾಲು ಎಲುಬಿನ ಫಲಕಗಳ ಕವಚವಿದೆ. ಬೇಸಗೆಯಲ್ಲಿ ನೀರು ಇಂಗಿ ಉಸಿರು ಸಾಲದಾದಾಗ ಮೇಲೆ ಬಂದು ಗಾಳಿ ನುಂಗಿ, ಕರುಳಿನ ಮೂಲಕ ಅದರ ಆಮ್ಲಜನಕವನ್ನು ಹೀರಿಕೊಳ್ಳುತ್ತವೆ. ನಮ್ಮ ಚೇಳುಮೀನೂ ಗಾಳಿ ಕುಡಿಯುತ್ತದೆ. ಆದರೆ ಅದಕ್ಕೆ ಬೇರೆಯೇ ಗಾಳಿಚೀಲಗಳಿವೆ.

ಈ ಗುಂಪಿನ ಒಂದು ವಿಶೇಷವನ್ನು ವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದರು. ಒಂದೇ ತೊರೆಯಲ್ಲಿ ಎರಡು ಮೂರು ಜಾತಿಗಳು ಒಂದೇ ಬಣ್ಣ, ಒಂದೇ ಗೆರೆ ಧರಿಸಿ ಒಂದೇ ಹಿಂಡಿನಂತೆ ತಿರುಗುತ್ತವೆ. ನೋಡುವವರಿಗೆ ಜಾತಿಭೇದ ತಿಳಿಯದು. ಆದರೆ ಒಂದರ ಮೂತಿ ಮೊಂಡು, ಇನ್ನೊಂದರದು ಉದ್ದ. ತಿನ್ನುವ ಆಹಾರ ಬೇರೆ ಬೇರೆ. ಅಡಿಕೆ, ಮೆಣಸು, ಏಲಕ್ಕಿಗಳು ಒಂದೇ ತೋಟದಲ್ಲಿ ಹೊಂದಿಕೊಂಡು ಬೆಳೆಯುವ ರೀತಿಯೇ ಇದು.

ಬಂಡೆ, ಮರ, ಬಾವಿ

ಹೀರುಬಾಯಿಯ ಲೊರಿಕಾರಿಡೆ ಕುಟುಂಬವೊಂದರಲ್ಲೇ 1,000ಕ್ಕೂ ಹೆಚ್ಚು ಜಾತಿಗಳಿವೆ. ಇದರ ಚಿಕ್ಕ ಓಟೊಸಿಂಕ್ಲಸ್ ನೀರುಗಿಡಗಳ ಎಲೆಯ ಮೇಲಿನ ಪಾಚಿ ಕೆರೆದು ತಿನ್ನುತ್ತದೆ. ಆನ್ಸಿಸ್ಟ್ರಸ್‌ನ ಗಂಡು ಮುಳುಗಿದ ಮರದ ಪೊಟರೆಯಲ್ಲಿ ಕುಳಿತು ಮೊಟ್ಟೆಗಳಿಗೆ ಕಾವಲಿರುತ್ತದೆ. ಆಂಡಿಸ್ ಪರ್ವತದ ಕಡಿದಾದ ತೊರೆಗಳಲ್ಲಿ ಆಸ್ಟ್ರೊಬ್ಲೆಪಸ್ ಬಾಯಿಯಿಂದ ಬಂಡೆಯನ್ನು ಕಚ್ಚಿ ಹಿಡಿದು ಮೇಲೇರಬಲ್ಲದು. ಅಮೆಜಾನ್ ನದಿಯ ಮುಖದ ಬಳಿಯ ಬಾವಿಗಳಲ್ಲಿ ಕಣ್ಣು ಕ್ಷೀಣಿಸಿದ, ಕೆಂಪು ಬಣ್ಣದ, ಹುಳುವಿನಂತಹ ಅಂತರ್ಜಲದ ಮೀನಿದೆ. ಇದಕ್ಕೆ 1905ರಲ್ಲಿ ಫ್ರಿಯಾಟೋಬಿಯಸ್ ಎಂದು ಹೆಸರಿಟ್ಟರು.

ನೆಲೆ ತಪ್ಪಿದರೆ

ಇಂತಹ ಮೀನುಗಳಿಗೆ ನೆಲೆಯೇ ಬದುಕು. ಬ್ರೆಜಿಲ್‌ನ ಶಿಂಗು ನದಿಯ ದೊಡ್ಡ ತಿರುವಿನ ಬಂಡೆ ಸಂದುಗಳಲ್ಲಿ, ರಭಸದ ನೀರಿನಲ್ಲಿ, ಕಪ್ಪು ಬಿಳಿ ಪಟ್ಟೆಯ ಜೀಬ್ರಾ ಮೀನು ವಾಸಿಸುತ್ತದೆ. ಸಹಜವಾಗಿ ಅದು ಲೋಕದಲ್ಲಿ ಬೇರೆಲ್ಲೂ ಇಲ್ಲ. 2016ರಲ್ಲಿ ವಿದ್ಯುತ್ ಉತ್ಪಾದನೆ ಆರಂಭಿಸಿದ ಬೆಲೊ ಮೊಂಟೆ ಯೋಜನೆಯು ಆ ತಿರುವಿನ ನೀರಿನ ಹೆಚ್ಚಿನ ಪಾಲನ್ನು ಕಾಲುವೆಗೆ ತಿರುಗಿಸಿದೆ. ನದಿ ಉಳಿದಿದೆ, ಆದರೆ ಈ ಮೀನಿಗೆ ಬೇಕಾದ ಹರಿವು ಕುಗ್ಗಿದೆ. ಹಳ್ಳದಂಚಿನ ಮರ ಕಡಿದಾಗಲೂ ಆಗುವುದು ಇಂತಹುದೇ. ತರಗೆಲೆ ಬೀಳುವುದು ನಿಲ್ಲುತ್ತದೆ, ಮಣ್ಣು ಕೊಚ್ಚಿ ಬಂದು ಸಂದುಗಳನ್ನು ತುಂಬುತ್ತದೆ, ಅಲ್ಲಿದ್ದ ಮೀನಿಗೆ ಹೋಗಲು ಬೇರೆ ಜಾಗವಿರುವುದಿಲ್ಲ.

ಇದಕ್ಕೆ ವ್ಯತಿರಿಕ್ತವಾದ ಪ್ರಸಂಗವೂ ಉಂಟು. ಗಾಜಿನ ತೊಟ್ಟಿಯ ಪಾಚಿ ತೆಗೆಯಲೆಂದು ಅಂಗಡಿಯಲ್ಲಿ ಮಾರುವ ಹೀರುಬಾಯಿಯ ಮರಿ ಇದೇ ಕುಟುಂಬದ್ದಾದರೂ ಪುಟ್ಟದಾಗಿ ಉಳಿಯುವುದಿಲ್ಲ. ಒಂದು ಅಡಿ ಮೀರಿ ಬೆಳೆಯುತ್ತದೆ. ತೊಟ್ಟಿ ಸಾಲದಾದಾಗ ಜನ ಅದನ್ನು ಕೆರೆಗೆ ಬಿಡುತ್ತಾರೆ. ಹೀಗೆ ಕೇರಳ, ಆಂಧ್ರ, ಬಂಗಾಳ ಮೊದಲಾದ ಕಡೆಯ ನೀರುಗಳಲ್ಲಿ ಅದು ನೆಲೆಯೂರಿದೆ. ದಡದಲ್ಲಿ ಬಿಲ ತೋಡಿ ಮರಿ ಮಾಡುವುದು ಅದರ ಸ್ವಭಾವ. ಮೆಕ್ಸಿಕೊ, ಫ್ಲಾರಿಡಾಗಳಲ್ಲಿ ಇದರಿಂದ ದಡ ಕುಸಿದಿರುವುದುಂಟು. ಒಮ್ಮೆ ಹರಡಿದ ಮೇಲೆ ತೊಲಗಿಸುವುದು ಬಹಳ ಕಷ್ಟ.

ಆದ್ದರಿಂದ ಮನೆಯ ಮಕ್ಕಳು ಸಾಕಿದ ಮೀನು ಬೇಡವಾದರೆ ಅಂಗಡಿಗೇ ಹಿಂದಿರುಗಿಸಿರಿ, ಇಲ್ಲವೆ ಸಾಕುವವರಿಗೆ ಕೊಡಿರಿ. ತೋಟದ ಕೆರೆಗಾಗಲಿ, ಹಳ್ಳಕ್ಕಾಗಲಿ ಬಿಡಬೇಡಿರಿ.